ಗಾಳಿಕಂಬದ ಮೇಲೆ ಸಂಸಾರ ಹೂಡಿದ ಹಾಜಿಯವರಿಗೆ

ಗೆ,
ಹಾಜಿ ಬೆಲ್ಲಾರಿಜ್ ಅವರು,
ಗಾಳಿಕಂಬದ ತುದಿ, ಭೂಗೋಳ ವಿಭಾಗದ ತಾರಸಿ,
ವಿಶ್ವವಿದ್ಯಾಲಯದ ಹಳೆಯ ಕಟ್ಟಡ.

ಮಾನ್ಯರೇ,

ತಮಗೂ, ತಮ್ಮ ಶ್ರೀಮತಿಯವರಿಗೂ, ಗೂಡಿನ ಅಂಚಿಗೆ ಬಂದು ನಮ್ಮ ಅಂಗಳಕ್ಕೆ ಇಣುಕುವಷ್ಟು ಬೆಳೆದಿರುವ ನಾಲ್ಕೂ ಮರಿಗಳಿಗೂ ಭೂಗೋಳ ವಿಭಾಗದ ಸಮಸ್ತ ವಿದ್ಯಾರ್ಥಿಗಳ ಗೌರವಪೂರ್ವಕ ಸಲಾಮುಗಳು. ಪಾಸ್‌ಪೋರ್ಟು, ವೀಸಾ, ಬಸ್ಸಿನ ಚೀಟಿ ಏನೊಂದೂ ಇಲ್ಲದೆ ಪ್ರತಿವರ್ಷ ಮರುಭೂಮಿಯನ್ನೂ ದೇಶದೇಶಗಳ ಗಡಿಗಳನ್ನೂ ದಾಟುವ ತಮ್ಮಂಥ ಹಿರಿಯ ಕೊಕ್ಕರೆಯೊಬ್ಬರಿಗೆ, ಮೂರು ವರ್ಷ ಭೂಗೋಳ ಓದಿಯೂ ಪಕ್ಕದ ಅಜ್ರೂ ಕಾಡನ್ನು ತಲುಪಲಾಗದ ನಾನು ಪತ್ರ ಬರೆಯುವುದು ಅಧಿಕಪ್ರಸಂಗವೇ ಸರಿ. ನಮ್ಮ ಊರಿನಲ್ಲಿ ಕೊಕ್ಕರೆಯನ್ನು ಯಾರೂ ಬರಿಯ ಹಕ್ಕಿ ಎನ್ನುವುದಿಲ್ಲ. ದೂರದ ಯಾತ್ರೆ ಮುಗಿಸಿ ಬಂದವರೆಂದು ಹಾಜಿ ಬೆಲ್ಲಾರಿಜ್ ಎಂದೇ ಕರೆಯುತ್ತಾರೆ. ಆದ್ದರಿಂದ ಈ ದೂರನ್ನು ಆದಷ್ಟು ವಿನಯದಿಂದಲೇ ಬರೆಯುತ್ತಿದ್ದೇನೆ. ವಿನಯ ಎಲ್ಲಿಯಾದರೂ ಜಾರಿದರೆ, ಅದು ತಾರಸಿಯ ಮೆಟ್ಟಿಲುಗಳಿಗೆ ತಮ್ಮ ಕುಟುಂಬ ದಿನವೂ ಬಳಿಯುವ ಸುಣ್ಣದಿಂದಾಗಿ ಎಂದು ತಿಳಿದು ಕ್ಷಮಿಸಬೇಕು.

ನನ್ನ ಹೆಸರು ಹನಿಯಾ. ಕೊನೆಯ ವರ್ಷದ ವಿದ್ಯಾರ್ಥಿನಿ, ವಿಭಾಗದ ಮಾಸಿಕ ಚಟುವಟಿಕೆಗಳ ಕಾರ್ಯದರ್ಶಿ. ಈ ಹುದ್ದೆಗೆ ನಾನು ಸರ್ವಾನುಮತದಿಂದ ಆಯ್ಕೆಯಾದದ್ದು, ಆಯ್ಕೆಯ ದಿನ ಜ್ವರ ಬಂದು ಮನೆಯಲ್ಲಿ ಮಲಗಿದ್ದರಿಂದ. ಪ್ರತಿ ವಿಭಾಗವೂ ತಿಂಗಳಿಗೊಂದು ಚಟುವಟಿಕೆ ನಡೆಸಿ, ಅದರ ಫೋಟೊ ತೆಗೆದು ಡೀನ್ ಸಾಹೇಬರ ಕಚೇರಿಗೆ ಕಳಿಸಬೇಕೆಂಬುದು ಇಲ್ಲಿಯ ಕಟ್ಟಳೆ. ಕಾನೂನು ವಿಭಾಗದವರು ಕಪ್ಪು ನಿಲುವಂಗಿ ತೊಟ್ಟು ಅಣಕು ನ್ಯಾಯಾಲಯ ನಡೆಸಿದರೆ ಹುಡುಗಿಯರು ಗ್ಯಾಲರಿಯಲ್ಲಿ ನಿಂತು ನೋಡುತ್ತಾರೆ. ನಾವು ಅಕ್ಟೋಬರಿನಲ್ಲಿ ಗ್ರಂಥಾಲಯದ ಹಿಂದೆ ಆಲಿವ್ ಸಸಿ ನೆಟ್ಟೆವು. ಹಿಂದಿನ ವರ್ಷದವರು ತೋಡಿದ ಗುಂಡಿ ಹಾಗೆಯೇ ಇದ್ದುದರಿಂದ ಶ್ರಮವಾಗಲಿಲ್ಲ. ನವೆಂಬರಿನಲ್ಲಿ ನೀರಿನ ಮಹತ್ವದ ಬಗ್ಗೆ ಉಪನ್ಯಾಸ ಇಟ್ಟೆವು. ಅಂದು ನಲ್ಲಿಯಲ್ಲಿ ನೀರು ಬರಲಿಲ್ಲವಾಗಿ ಭಾಷಣಕಾರರಿಗೆ ಕುಡಿಯಲು ಕಿತ್ತಳೆ ರಸ ಕೊಟ್ಟೆವು. ಡಿಸೆಂಬರಿನಲ್ಲಿ ಅಜ್ರೂವಿನ ದೇವದಾರು ಕಾಡಿಗೆ ಹೊರಟ ನಮ್ಮ ಬಸ್ಸು ಊರ ಹೊರಗಿನ ಪೆಟ್ರೋಲ್ ಬಂಕಿನಲ್ಲಿ ಕೆಟ್ಟು ನಿಂತದ್ದರಿಂದ, ಬಂಕಿನ ಗೋಡೆಗೆ ಒರಗಿ ಬಿಸಿ ಸ್ಫೆಂಜ್ ವಡೆ ತಿಂದು, ಗುಂಪು ಫೋಟೊ ತೆಗೆಸಿಕೊಂಡು ಮರಳಿದೆವು. ಫೋಟೊದ ಕೆಳಗೆ 'ಕ್ಷೇತ್ರಾಧ್ಯಯನ' ಎಂದು ಬರೆದು ಕಳಿಸಿದೆ.

ಹೊಸ ವರ್ಷದ ಮೊದಲ ವಾರ ಡೀನ್ ಸಾಹೇಬರು ನನ್ನನ್ನು ಕರೆಸಿದರು. "ನೋಡಮ್ಮ, ನಿಮ್ಮ ಕಾರ್ಯಕ್ರಮ ಮಾಡೋರೂ ನೀವೇ, ನೋಡೋರೂ ನೀವೇ. ಬೇಸಿಗೆ ರಜಾ ಬರೋದ್ರೊಳಗೆ ಒಂದು ಸಲನಾದ್ರೂ ಹಾಲ್ ತುಂಬಿಸಿ ತೋರಿಸಿ. ಇಲ್ಲದಿದ್ರೆ ಭೂಗೋಳನ ಇತಿಹಾಸಕ್ಕೆ ಸೇರಿಸಿಬಿಡ್ತೀನಿ" ಎಂದರು. ಅವರು ಹೇಳಿದ್ದು ಇತಿಹಾಸ ವಿಭಾಗಕ್ಕೆ. ನಮಗೆ ಕೇಳಿಸಿದ್ದೇ ಬೇರೆ.

ತಾವು ಬಂದಿಳಿದದ್ದು ಆ ವಾರವೇ. ತಮಗೆ ಊರಿನಲ್ಲಿ ಕೋಟೆಯ ಗೋಡೆ ಇತ್ತು, ಹಳೆಯ ಮಿನಾರು ಇತ್ತು, ಸಾಲು ಸಾಲು ವಿದ್ಯುತ್ ಕಂಬಗಳಿದ್ದವು. ಎಲ್ಲವನ್ನೂ ಬಿಟ್ಟು ತಾವು ಮೆಚ್ಚಿದ್ದು ನಮ್ಮ ಗಾಳಿಕಂಬವನ್ನು. ಅದು ಎಂಥ ಕಂಬವೆಂದು ತಾವು ವಿಚಾರಿಸಲಿಲ್ಲವಾದ್ದರಿಂದ ಈಗ ಹೇಳುತ್ತೇನೆ. ನಮಗೆ ಹವಾಮಾನದ ಪಾಠ ಹೇಳುವ, ಈ ವರ್ಷ ನಿವೃತ್ತರಾಗುವ ಉಸ್ತಾದ್ ಬೆನಯ್ಯಾದ್ ಅವರು ಹುಡುಗಪ್ರಾಯದಲ್ಲಿ ಕೆಲಸಕ್ಕೆ ಸೇರಿದಾಗ ತಮ್ಮ ಕೈಯಾರೆ ನೆಟ್ಟ ಕಂಬ ಅದು. ಅದರ ತುದಿಯಲ್ಲಿ ನಾಲ್ಕು ದಿಕ್ಕಿಗೆ ನಾಲ್ಕು ಕಬ್ಬಿಣದ ಕೈಗಳಿವೆ. ಉತ್ತರದ ಕೈಗೆ ಕೆಂಪು ಬಣ್ಣ. ಮೇಲೊಂದು ತಿರುಗುವ ಬಾಣ. ದಿನವೂ ಬೆಳಿಗ್ಗೆ ಒಬ್ಬ ವಿದ್ಯಾರ್ಥಿ ಹೋಗಿ ಬಾಣ ಯಾವ ಕೈಯ ಕಡೆಗೆ ನೋಡುತ್ತಿದೆ ಎಂದು ಬರೆದುಕೊಂಡು ಬರುವುದು, ತಿಂಗಳ ಕೊನೆಗೆ ಉಸ್ತಾದರು ಅದನ್ನೆಲ್ಲ ಕೂಡಿಸಿ, ಊರಿನ ಗಾಳಿ ಎತ್ತಣಿಂದ ಬೀಸಿತು ಎಂಬ ಹವಾಪತ್ರವನ್ನು ಬಾಗಿಲ ಪಕ್ಕದ ಫಲಕಕ್ಕೆ ಅಂಟಿಸುವುದು, ನಾನು ಹುಟ್ಟುವ ಮೊದಲಿನಿಂದ ಒಂದು ತಿಂಗಳೂ ತಪ್ಪದೆ ನಡೆದು ಬಂದ ಪದ್ಧತಿ.

ಈ ಹವಾಪತ್ರಗಳಿಂದಲೇ ಹುಟ್ಟಿದ್ದು 'ಬೆನಯ್ಯಾದ್ ಬಾಗು'. ಮರುಭೂಮಿಯ ಕಡೆಯಿಂದ ಬರುವ ಶರ್ಗಿ ಎಂಬ ಬಿಸಿಗಾಳಿ ಬೇರೆ ಊರುಗಳಿಗೆಲ್ಲ ಪೂರ್ವದಿಂದ ಬಂದರೆ ನಮ್ಮ ಊರಿಗೆ ಮಾತ್ರ ಈಶಾನ್ಯದಿಂದ ಬರುತ್ತದೆ. ಊರ ಪಕ್ಕದ ಗುಡ್ಡಕ್ಕೆ ಒರಸಿಕೊಂಡು ಬಾಗುತ್ತದೆ ಎಂಬುದು ಉಸ್ತಾದರ ಸಿದ್ಧಾಂತ. ಪ್ರತಿವರ್ಷ ಪರೀಕ್ಷೆಯಲ್ಲಿ ಬರುವ ಪ್ರಶ್ನೆ. ನಮ್ಮ ವಿಭಾಗದಲ್ಲಿ ಓದಿ ಈಗ ಮಾರುಕಟ್ಟೆಯಲ್ಲಿ ತರಕಾರಿ ಮಾರುವವರಿಗೂ ಅದು ಕಂಠಪಾಠ. ನನ್ನ ಕೊನೆಯ ವರ್ಷದ ಪ್ರಬಂಧ ಕೂಡ ಈ ಬಾಗಿನ ಮೇಲೆಯೇ. ಗಾಳಿ ಊರಿನ ಯಾವ ಓಣಿಯಲ್ಲಿ ಬಾಗಲು ಶುರುಮಾಡುತ್ತದೆ ಎಂದು ನಾನು ಕಂಡುಹಿಡಿಯಬೇಕಿತ್ತು. ನಿವೃತ್ತಿಯ ಉಡುಗೊರೆಯಾಗಿ ಅದನ್ನು ಉಸ್ತಾದರಿಗೆ ಒಪ್ಪಿಸಬೇಕೆಂಬ ಆಸೆಯೂ ಇತ್ತು.

ತಾವು ಮೊದಲ ಕಡ್ಡಿ ತಂದಿಟ್ಟ ದಿನ ನಾವು ಚಪ್ಪಾಳೆ ತಟ್ಟಿದೆವು. ಬುದ್ಧಿ ಇರಲಿಲ್ಲ. ಆಮೇಲೆ ತಾವು ಕೊಂಬೆ ತಂದಿರಿ, ಮುಳ್ಳು ತಂದಿರಿ, ಒಣಗಿದ ಸಗಣಿ ತಂದಿರಿ, ನನ್ನ ಹಸಿರು ಸ್ಕಾರ್ಫನ್ನೂ ತಂದಿರಿ. ಕೈಗಳು, ಬಾಣ ಎಲ್ಲ ಗೂಡಿನೊಳಗೆ ಹೂತುಹೋದವು. ಬಾಣದ ಮೂತಿ ಮಾತ್ರ ವಾಯವ್ಯದ ಕಡೆಗೆ ಚಾಚಿಕೊಂಡು ಉಳಿಯಿತು. ಫೆಬ್ರವರಿಯ ಹವಾಪತ್ರದಲ್ಲಿ ಉಸ್ತಾದರು, ಬಾಣ ಹೇಳಿದ್ದನ್ನು ಬದಲಿಸುವ ಹಕ್ಕು ತಮಗಿಲ್ಲವೆಂದು, ತಿಂಗಳು ಪೂರ್ತಿ ಗಾಳಿ ವಾಯವ್ಯದಿಂದಲೇ ಬೀಸಿತು ಎಂದು ಬರೆದರು. ಅಂಟಿಸಿದ ದಿನವೇ ಒಂದು ಗಾಳಿ ಬೀಸಿ ಆ ಕಾಗದವನ್ನು ಕಿತ್ತು ಕಾನೂನು ವಿಭಾಗದ ಅಂಗಳದಲ್ಲಿ ಹಾಕಿತು. ಕಾನೂನು ವಿಭಾಗ ಇರುವುದು ವಾಯವ್ಯದಲ್ಲಿಯೇ. ಎಂದರೆ ಕಾಗದ ಗಾಳಿಗೆ ಎದುರಾಗಿ ಹಾರಿಹೋಗಿತ್ತು. "ಏನ್ರಪ್ಪಾ ಭೂಗೋಳದೋರೇ, ನಿಮ್ಮ ಗಾಳಿ ನಮ್ಮ ಅಂಗಳದಲ್ಲಿ ಬಿದ್ದಿದೆ, ಬಂದು ಎತ್ಕೊಂಡು ಹೋಗಿ!" ಎಂದು ಅವರು ಕಿಟಕಿಯಿಂದ ಕೂಗಿದ್ದನ್ನು ತಾವೂ ಮೇಲಿನಿಂದ ಕೇಳಿಸಿಕೊಂಡಿದ್ದೀರಿ, ಕೊಕ್ಕು ಬಡಿದು ನಕ್ಕಿದ್ದೀರಿ.

ಈ ಸುದ್ದಿ ಡೀನ್ ಸಾಹೇಬರ ಕಿವಿಗೆ ಬಿದ್ದು, ಗೂಡು ಇಳಿಸಲು ಏಣಿಯ ಸಮೇತ ಇಬ್ಬರು ಆಳುಗಳು ಬಂದರು. ನಾನೇ ಅವರಿಗೆ ತಾರಸಿಯ ಬಾಗಿಲು ತೆರೆದುಕೊಟ್ಟೆ. ಇದನ್ನು ತಮ್ಮಿಂದ ಮುಚ್ಚಿಡುವುದಿಲ್ಲ. ಆದರೆ ನಮ್ಮ ತಾರಸಿಗೆ ಒತ್ತಿಕೊಂಡಿರುವ ಮನೆಯ ಮೇಲೆ ಲಲ್ಲಾ ರಖಿಯಾ ಎಂಬ ಅಜ್ಜಿ ಬಟ್ಟೆ ಹರವುತ್ತಿದ್ದರು. ಏಣಿ ಕಂಡದ್ದೇ ಒದ್ದೆ ಚಾದರವನ್ನು ಹೆಗಲಿಗೆ ಎಸೆದುಕೊಂಡು ಗೋಡೆಯಂಚಿಗೆ ಬಂದರು.

"ಏಯ್! ಹಾಜಿ ಮನೆ ಮುರಿಯೋಕೆ ಬಂದ್ರೇನ್ರೋ? ನಿಮ್ಮನೇಲಿ ಹೆಂಡ್ತಿ ಮಕ್ಕಳಿಲ್ವಾ?"

"ನಾವೇನ್ ಮಾಡೋಣಮ್ಮಾ, ಡೀನ್ ಸಾಹೇಬ್ರು ಹೇಳಿದಾರೆ."

"ನಿಮ್ಮ ಡೀನು ಹುಟ್ಟೋಕ್ ಮುಂಚೆ ಈ ಊರಲ್ಲಿ ಕೊಕ್ಕರೆ ಇದ್ವು. ಇಳೀರಿ ಕೆಳಗೆ. ಪುದೀನ ಹಾಕಿ ಚಹಾ ಇಟ್ಟಿದೀನಿ, ಕುಡಿದು ಮನೆಗೆ ಹೋಗಿ."

ಅವರು ಇಳಿದರು, ಕುಡಿದರು, ಹೋದರು. ಏಣಿಯನ್ನು ಮರೆತರೋ, ಮತ್ತೆ ಹೊರುವುದೇಕೆಂದು ಬಿಟ್ಟರೋ, ತಾರಸಿಯಲ್ಲೇ ಉಳಿಯಿತು.

ಅಂದು ಕ್ಯಾಂಟೀನಿನಲ್ಲಿ ನಾನು ಹರೀರಾ ಸಾರಿನ ಬಟ್ಟಲು ಮುಂದಿಟ್ಟುಕೊಂಡು ಅತ್ತೆ. ಬಾಣವಿಲ್ಲದೆ ಪ್ರಬಂಧವಿಲ್ಲ, ಪ್ರಬಂಧವಿಲ್ಲದೆ ಪದವಿಯಿಲ್ಲ. ಎದುರಿಗೆ ಕೂತಿದ್ದವನು ನನ್ನ ಸಹಪಾಠಿ ಹದ್ದು. ಹೆಸರು ಕೇಳಿ ತಾವು ರೆಕ್ಕೆ ಕೆದರಬೇಕಾಗಿಲ್ಲ. ಅವನು ಕುರಿ ಸಾಕುವವರ ಮನೆಯ ಹುಡುಗ, ನೆಲ ಬಿಟ್ಟು ಮೇಲೆದ್ದದ್ದೇನಾದರೂ ಇದ್ದರೆ ಅದು ತಮ್ಮ ದೆಸೆಯಿಂದ. ಅವನು ನನ್ನ ಬಟ್ಟಲಿನ ಖರ್ಜೂರವನ್ನು ಬಾಯಿಗೆ ಹಾಕಿಕೊಂಡು, "ಗಾಳಿ ಏನು ಕಂಬದ ಮೇಲೆ ಮಾತ್ರ ಬೀಸುತ್ತಾ ಮಾರಾಯ್ತಿ? ನಮ್ಮನೆ ಮೇಲೂ ಬೀಸುತ್ತೆ. ನಿಮ್ಮನೆ ಮೇಲೂ ಬೀಸುತ್ತೆ. ಅಳೋದ್ ಬಿಟ್ಟು ಮಾಳಿಗೆ ಹತ್ತು" ಎಂದ.

ಹಾಗೆ ಶುರುವಾಯಿತು. ಊರಿನ ನಕ್ಷೆ ಹರಡಿ, ವಿಭಾಗದ ಪ್ರತಿ ವಿದ್ಯಾರ್ಥಿಗೂ ಅವರವರ ಮನೆಯ ಮಾಳಿಗೆಯನ್ನೇ ಹಂಚಿದೆವು. ಕೋಲಿಗೊಂದು ರಿಬ್ಬನ್ ಕಟ್ಟಿ, ಅದು ಯಾವ ಕಡೆಯಿಂದ ಯಾವ ಕಡೆಗೆ ಹಾರುತ್ತದೆ ಎಂದು ನಕ್ಷೆಯ ಮೇಲೆ ಗೆರೆ ಎಳೆಯಬೇಕು, ಅಷ್ಟೆ. ಹುಡುಗರು ಎರಡು ದಿನ ಎಳೆದು ಕೋಲನ್ನು ಅಮ್ಮಂದಿರ ಕೈಗೆ ಕೊಟ್ಟರು, ಅಮ್ಮಂದಿರು ಅಕ್ಕಪಕ್ಕದ ಮಾಳಿಗೆಯವರಿಗೂ ಅಂಟಿಸಿದರು. ನಮ್ಮ ವಾಟ್ಸಾಪ್ ಗುಂಪಿನಲ್ಲಿ "ನಮ್ಮಲ್ಲಿ ಪಶ್ಚಿಮದಿಂದ ಬರ್ತಿದೆ, ಜೊತೆಗೆ ಪಕ್ಕದ ಮನೆ ಮೀನಿನ ವಾಸನೇನೂ ಬರ್ತಿದೆ", "ನಮ್ಮಲ್ಲಿ ಗಾಳಿ ಇಲ್ಲ, ಅತ್ತೆ ಇದಾರೆ, ಆಮೇಲೆ ಹೇಳ್ತೀನಿ" ಎಂಬಂಥ ವೈಜ್ಞಾನಿಕ ವರದಿಗಳು ಬರತೊಡಗಿದವು. ಲಲ್ಲಾ ರಖಿಯಾ ಅವರಂತೂ ಎದುರುಮನೆಯ ಸೊಸೆ ಬಟ್ಟೆ ಹರವಿದಾಗಲೆಲ್ಲ ಬಿರುಗಾಳಿ ಎಂದು ವರದಿ ಕೊಡುತ್ತಿದ್ದುದರಿಂದ ಅವರ ಗೆರೆಗಳನ್ನು ಬೇರೆ ಬಣ್ಣದಲ್ಲಿ ಎಳೆಯಬೇಕಾಯಿತು. ಕಾನೂನು ವಿಭಾಗದ ಒಬ್ಬಳ ಅಮ್ಮನೂ ನಮ್ಮ ಗುಂಪಿಗೆ ಸೇರಿ, ಮಗಳು ತಲೆ ತಗ್ಗಿಸಿ ಓಡಾಡುವಂತಾಯಿತು.

ಏಪ್ರಿಲಿನಲ್ಲಿ ಶರ್ಗಿ ಬಂತು. ಬಾಯಿ ಒಣಗಿಸುವ, ನಾಯಿಗಳೂ ಬೊಗಳದ ಆ ಗಾಳಿಗಾಗಿ ನನ್ನಷ್ಟು ಕಾದವರು ಊರಿನಲ್ಲಿ ಯಾರೂ ಇರಲಿಲ್ಲ. ಸಂಜೆಯ ಹೊತ್ತಿಗೆ ಎಲ್ಲ ಮಾಳಿಗೆಗಳ ಗೆರೆಗಳೂ ಬಂದವು. ನಕ್ಷೆಯ ಮೇಲೆ ಇಟ್ಟು ನೋಡಿದರೆ ಎಲ್ಲವೂ ಪೂರ್ವದಿಂದ ಪಶ್ಚಿಮಕ್ಕೆ, ಬಾಚಿದ ಕೂದಲಿನ ಹಾಗೆ ನೇರ. ಗುಡ್ಡದ ಬುಡದ ಮನೆಯಲ್ಲೂ ಬಾಗಿಲ್ಲ, ಕೋಟೆಯ ಹತ್ತಿರವೂ ಬಾಗಿಲ್ಲ. ಇಡೀ ಊರು ತಪ್ಪು ಮಾಡಿದೆ ಎಂದುಕೊಂಡೆ.

ಗೂಡಿಗೆ ಕೈ ಹಚ್ಚದೆ ಬಾಣವನ್ನಷ್ಟೇ ಬಿಡಿಸಲಾದೀತೇ ಎಂದು ನೋಡಲು ಹದ್ದು ಆ ಏಣಿಯನ್ನೇ ಕಂಬಕ್ಕೆ ಆನಿಸಿ ಹತ್ತಿದ. ನಾನು ನಕ್ಷೆಯನ್ನು ಕಂಕುಳಲ್ಲಿ ಇರುಕಿಕೊಂಡು ಏಣಿ ಹಿಡಿದೆ.

"ಮರಿ ಆಗಿವೆ ಕಣೇ! ನಾಲ್ಕು! ಥೂ, ಏನು ಕುರೂಪ!"

"ಬಾಣ ನೋಡೋ."

"ನೋಡ್ದೆ. ಅಲ್ಲಾಡಲ್ಲ. ಹನಿಯಾ... ಈ ಕೆಂಪು ಕೈ ಹಮ್ಮಾಮಿನ ಚಿಮಣಿ ಕಡೆ ತೋರಿಸ್ತಿದೆ."

"ತೋರಿಸ್ಲಿ ಬಿಡು, ಅದು ಉತ್ತರ."

"ನಕ್ಷೆ ತೆಗಿ. ಹಮ್ಮಾಮು ಎಲ್ಲಿದೆ ನೋಡು."

ನಕ್ಷೆ ತೆಗೆದೆ. ಊರಿನವರೆಲ್ಲ ಸ್ನಾನಕ್ಕೆ ಹೋಗುವ ಆ ಹಮ್ಮಾಮು ಇದ್ದದ್ದು ನಮ್ಮ ಕಟ್ಟಡದ ಈಶಾನ್ಯಕ್ಕೆ. ಕೆಂಪು ಕೈ ಈಶಾನ್ಯಕ್ಕೆ ತಿರುಗಿ ಕೂತು ಅದೇ ಉತ್ತರ ಎನ್ನುತ್ತಿದ್ದರೆ, ನೇರ ಪೂರ್ವದಿಂದ ಬರುವ ಗಾಳಿ ಅದರ ಲೆಕ್ಕದಲ್ಲಿ ಈಶಾನ್ಯದ ಗಾಳಿಯೇ ಆಗುತ್ತದೆ. ಬೆನಯ್ಯಾದ್ ಬಾಗು ಇದ್ದದ್ದು ಗುಡ್ಡದಲ್ಲಲ್ಲ, ಈ ಕಂಬದಲ್ಲಿ. ಇಷ್ಟು ವರ್ಷ ಯಾರಿಗೂ ಏಕೆ ತಿಳಿಯಲಿಲ್ಲವೆಂದರೆ, ನಾವೆಲ್ಲ ನಮ್ಮ ಊರಿನ ಉತ್ತರ ಯಾವುದೆಂದು ಕಲಿತದ್ದೇ ಆ ಕೆಂಪು ಕೈಯನ್ನು ನೋಡಿ. ಇಷ್ಟರಲ್ಲಿ ತಾವು ಬಂದು ಹದ್ದುವಿನ ನೆತ್ತಿಗೆ ಕುಕ್ಕಿದಿರಿ. ಅವನು ಏಣಿಯ ಮೆಟ್ಟಿಲುಗಳನ್ನು ಬಳಸದೆ ಕೆಳಗೆ ಬಂದ.

ಈಗ ತಮಗೆ ಗೊತ್ತಿಲ್ಲದ ಒಂದು ಸಂಗತಿ ಹೇಳಬೇಕು. ಇಡೀ ಪತ್ರ ಬರೆಯುತ್ತಿರುವುದು ಅದಕ್ಕಾಗಿಯೇ. ಎರಡು ದಿನ ನಾನು ಉಸ್ತಾದರ ಕಣ್ಣಿಗೆ ಬೀಳದೆ ಓಡಾಡಿದೆ. ಹೇಳಿದರೆ, ನಿವೃತ್ತಿಯ ಹೊಸ್ತಿಲಲ್ಲಿ ಅವರ ಜೀವಮಾನದ ಒಂದೇ ಸಿದ್ಧಾಂತ ಬಿದ್ದುಹೋಗುತ್ತದೆ, ಡೀನ್ ಸಾಹೇಬರಿಗೆ ವಿಭಾಗ ಮುಚ್ಚಲು ಬೇರೆ ಕಾರಣ ಬೇಕಾಗುವುದಿಲ್ಲ. ಹೇಳದಿದ್ದರೆ, ಅಷ್ಟು ಜನ ಬಿಸಿಲಲ್ಲಿ ನಿಂತು ಎಳೆದ ಗೆರೆಗಳನ್ನು ನಾನು ಸುಳ್ಳು ಮಾಡಿದ ಹಾಗಾಗುತ್ತದೆ. ಕೊನೆಗೆ ನನಗೊಂದು ದಾರಿ ಹೊಳೆಯಿತು. ಆ ದಾರಿ ತಾವು. ನಕ್ಷೆ ಹಿಡಿದುಕೊಂಡು ಉಸ್ತಾದರ ಕೋಣೆಗೆ ಹೋಗಿ ಎಲ್ಲವನ್ನೂ ತೋರಿಸಿ, "ಉಸ್ತಾದ್, ಹಾಜಿಗಳೇ ತಿರುಗಿಸಿರಬೇಕು. ಅಷ್ಟು ಭಾರದ ಗೂಡು ಕೂತ್ರೆ ಯಾವ ಬೋಲ್ಟ್ ನಿಲ್ಲುತ್ತೆ?" ಎಂದೆ.

ಅವರು ನಕ್ಷೆಯನ್ನು ಬಹಳ ಹೊತ್ತು ನೋಡಿದರು. ಎದ್ದು, ಕೋಟಿನ ಗುಂಡಿ ಹಾಕಿಕೊಂಡು ತಾರಸಿಗೆ ಬಂದರು. ಬೇಡವೆಂದರೂ ಕೇಳದೆ ಏಣಿ ಹತ್ತಿದರು. ಅವರನ್ನು ಮಾತ್ರ ತಾವು ಕುಕ್ಕಲಿಲ್ಲ. ಒಂದು ಕಾಲ ಮೇಲೆ ನಿಂತು ನೋಡುತ್ತಿದ್ದಿರಿ. ಗೂಡಿನ ಕೆಳಗೆ, ಕೈಗಳನ್ನು ಬಿಗಿದ ಬೋಲ್ಟಿನ ಸುತ್ತ ಬೆರಳಾಡಿಸಿದರು.

"ಈ ಬಣ್ಣ ನಾನೇ ಬಳಿದದ್ದು," ಎಂದರು ಮೇಲಿನಿಂದಲೇ. "ಎಲ್ಲೂ ಒಂದು ಬಿರುಕಿಲ್ಲ. ಇದನ್ನ ಯಾರೂ ತಿರುಗಿಸಿಲ್ಲಮ್ಮ. ನಾನೇ ಹೀಗೆ ಕೂರಿಸಿದ್ದು."

"ಅದು ಯಾರಿಗೆ ಗೊತ್ತಾಗುತ್ತೆ ಉಸ್ತಾದ್? ಕೊಕ್ಕರೆ ಅಂದ್ರೆ ಎಲ್ರೂ ನಂಬ್ತಾರೆ."

"ಬಾಯಿಲ್ಲದ್ದರ ಮೇಲೆ ಹೊರಿಸೋಕೆ ನಾನೇನು ಡೀನಾ?" ಎಂದು ಇಳಿದು ಬಂದರು. ಇಳಿದ ಮೇಲೆ ಗೋಡೆಗೆ ಒರಗಿ ಸ್ವಲ್ಪ ಹೊತ್ತು ಕೂತರು. ಹದ್ದು ನೀರು ತಂದುಕೊಟ್ಟ. ಕುಡಿದು, "ಮೇ ತಿಂಗಳ ಕಾರ್ಯಕ್ರಮಕ್ಕೆ ವಿಷಯ ಸಿಕ್ತಲ್ಲ" ಎಂದರು.

ಮೇ ತಿಂಗಳಲ್ಲಿ ಹಾಲ್ ತುಂಬಿತು. ಗೆರೆ ಎಳೆದ ಅಮ್ಮಂದಿರೆಲ್ಲ ತಮ್ಮ ಗಾಳಿ ನೋಡಲು ಮಕ್ಕಳು ಮರಿಗಳೊಂದಿಗೆ ಬಂದರು; ಕಾನೂನು ವಿಭಾಗದವರು ನಗಲು ಬಂದರು; ಹಳೆಯ ವಿದ್ಯಾರ್ಥಿಗಳು ಉಸ್ತಾದರನ್ನು ಬೀಳ್ಕೊಡಲು ಬಂದರು. ಡೀನ್ ಸಾಹೇಬರು ಮೊದಲ ಸಾಲಿನಲ್ಲಿ ಕೂತಿದ್ದರು. ನಾನು ನಕ್ಷೆ ತೋರಿಸಿ, ಗಾಳಿ ನೇರ ಬರುತ್ತದೆ ಎಂಬಲ್ಲಿಗೆ ನಿಲ್ಲಿಸಿದೆ.

"ಹಾಗಾದ್ರೆ ಬೆನಯ್ಯಾದ್ ಬಾಗು ಏನಾಯ್ತು?" ಎಂದರು ಡೀನ್ ಸಾಹೇಬರು.

ಉಸ್ತಾದರು ಎದ್ದು ನಿಂತರು. "ಬಾಗು ಇಲ್ಲ ಸಾಹೇಬ್ರೆ. ಬಾಗಿದ್ದು ನನ್ನ ಬೋಲ್ಟು. ಇಷ್ಟು ವರ್ಷ ಈ ಊರಿಗೆ ಅದರ ಗಾಳೀನೇ ತಪ್ಪು ಹೇಳ್ಕೊಟ್ಟಿದೀನಿ. ಎಲ್ಲರೂ ಕ್ಷಮಿಸಬೇಕು."

ಡೀನ್ ಸಾಹೇಬರೂ ಮನುಷ್ಯರೇ. ಮುಜುಗರದಿಂದ, "ಕೊಕ್ಕರೆ ತಿರುಗಿಸಿರಬಹುದಲ್ವಾ ಪ್ರೊಫೆಸರ್?" ಎಂದರು.

"ಇಲ್ಲ. ಕೊಕ್ಕರೆ ತೋರಿಸಿಕೊಟ್ಟಿತು."

ಮೂರನೆಯ ಸಾಲಿನಿಂದ ಲಲ್ಲಾ ರಖಿಯಾ, "ಅಷ್ಟೇನಾ? ಅದಕ್ಯಾಕಪ್ಪಾ ಮುಖ ಸಣ್ಣ ಮಾಡ್ಕೋತೀಯ? ಎತ್ಲಾಗಿಂದ ಬಂದ್ರೇನು, ಬಟ್ಟೆ ಒಣಗ್ತಲ್ಲ!" ಎಂದರು. ನಗೆ ಎದ್ದಿತು. ಅದರ ಬೆನ್ನಿಗೇ ಮಾರುಕಟ್ಟೆಯ ತರಕಾರಿಯವರೊಬ್ಬರು ಎದ್ದು, "ಉಸ್ತಾದ್, ಪರೀಕ್ಷೇಲಿ ಆ ಬಾಗಿಗೆ ನಂಗೆ ಪೂರ್ತಿ ಮಾರ್ಕು ಕೊಟ್ಟಿದ್ರಿ. ವಾಪಸ್ ತಗೋತೀರಾ?" ಎಂದು ಕೇಳಿದರು.

"ಇಲ್ಲಪ್ಪ. ತಪ್ಪು ನನ್ನದು, ಮಾರ್ಕು ನಿಂದು" ಎಂದರು ಉಸ್ತಾದರು. ಆಮೇಲೆ ಅವರೂ ನಕ್ಕರು. ಮೂರು ವರ್ಷದಲ್ಲಿ ನಾನು ಅವರ ಹಲ್ಲು ನೋಡಿದ್ದು ಅದೇ ಮೊದಲು. ಕಾನೂನು ವಿಭಾಗದವರೇ ಮೊದಲು ಎದ್ದು ಚಪ್ಪಾಳೆ ತಟ್ಟಿದ್ದು. ಅದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ.

ಆ ಸಂದರ್ಭವನ್ನು ನಾನು ಬಿಡಲಿಲ್ಲ. ಹಳೆಯ ಹವಾಪತ್ರಗಳಲ್ಲೆಲ್ಲ ತಪ್ಪು ಒಂದೇ ಅಳತೆಯದಾದ್ದರಿಂದ ಎಲ್ಲವನ್ನೂ ತಿರುಗಿಸಿ ಸರಿಪಡಿಸಬಹುದೆಂದೂ, ಅದನ್ನೇ ವಿಭಾಗದ ಮಾಸಿಕ ಚಟುವಟಿಕೆ ಮಾಡಿಕೊಂಡು ತಿಂಗಳಿಗೆ ಒಂದೊಂದು ಹವಾಪತ್ರ ತಿದ್ದುತ್ತೇವೆಂದೂ, ಮುಗಿಯುವ ತನಕ ವಿಭಾಗವನ್ನು ಮುಚ್ಚಬಾರದೆಂದೂ ಮೈಕಿನಲ್ಲೇ ಕೇಳಿಕೊಂಡೆ. ಡೀನ್ ಸಾಹೇಬರು ಮನಸ್ಸಿನಲ್ಲೇ ಗುಣಿಸಿ, ಅಷ್ಟರಲ್ಲಿ ತಾವೂ ನಿವೃತ್ತರಾಗಿರುತ್ತೇವೆಂದು ಕಂಡುಕೊಂಡು, ಆಗಲಿ ಎಂದರು. ನನ್ನ ಪ್ರಬಂಧ ಒಪ್ಪಿಗೆಯಾಯಿತು. ಸ್ನಾತಕೋತ್ತರಕ್ಕೂ ಇಲ್ಲಿಯೇ ಸೇರುತ್ತಿದ್ದೇನೆ. ತಮ್ಮಿಂದಾಗಿ, ಮಾನ್ಯರೇ, ಒಂದು ವರ್ಷದಲ್ಲಿ ಮುಗಿಯಬೇಕಿದ್ದ ನನ್ನ ಕಾರ್ಯದರ್ಶಿತನ ಇನ್ನೂ ಎರಡು ವರ್ಷ ಬೆಳೆದಿದೆ. ಇದಕ್ಕಿಂತ ದೊಡ್ಡ ದೂರು ಬೇಕೇ?

ಆದಕಾರಣ ಕೆಳಗಿನ ಬೇಡಿಕೆಗಳನ್ನು ತಾವು ದಯವಿಟ್ಟು ಈಡೇರಿಸಿಕೊಡಬೇಕು. ಗೂಡು ಇರುವ ತನಕ ಬೋಲ್ಟ್ ಸಡಿಲಿಸಲಾಗದ್ದರಿಂದ ತಾರಸಿಯ ಬಾಗಿಲಿಗೆ 'ಎಚ್ಚರಿಕೆ: ಇಲ್ಲಿ ಉತ್ತರವು ಈಶಾನ್ಯದಲ್ಲಿದೆ, ಸಹಕರಿಸಿ' ಎಂದು ಬರೆಸಿದ್ದೇವೆ. ಓದಿದವರು ದಾರಿ ತಪ್ಪುವ ಮೊದಲು, ಆಗಸ್ಟಿನಲ್ಲಿ ತಾವು ದಕ್ಷಿಣಕ್ಕೆ ಹೊರಡುವಾಗ ಅದು ನಿಜವಾದ ದಕ್ಷಿಣವೇ ಎಂದು ಒಂದು ಸುತ್ತು ಹಾರಿ ದೃಢಪಡಿಸಬೇಕು. ದಾರಿಯಲ್ಲಿ ಸಿಗುವ ಗಾಳಿಗಳ ವಿವರವನ್ನು ತಿಂಗಳ ಕೊನೆಯೊಳಗೆ ಕಳಿಸಿಕೊಡಬೇಕು. ಫೆಬ್ರವರಿ ತಿಂಗಳ ಗಾಳಿಯನ್ನು ಎಲ್ಲಿ ಬಚ್ಚಿಟ್ಟಿದ್ದೀರೋ ಅಲ್ಲಿಂದ ತೆಗೆದು ಬಿಡಬೇಕು. ಮುಂದಿನ ವರ್ಷದ ತಮ್ಮ ಗೂಡಿಗೆಂದು ಹದ್ದು ಗಾಡಿಯ ಹಳೆಯ ಚಕ್ರವೊಂದನ್ನು ತಂದು ಬೇರೆ ಕಂಬದ ಮೇಲೆ ಅಡ್ಡಲಾಗಿ ಕೂರಿಸಿದ್ದಾನೆ; ಉಸ್ತಾದರು ನಿಂತು ನೋಡಿ, ಗಾಳಿಗೆ ಬೆನ್ನು ಯಾವ ಕಡೆ ಬರಬೇಕೆಂದು ಎರಡೆರಡು ಸಲ ನಕ್ಷೆ ಬಿಡಿಸಿ ಖಾತ್ರಿ ಮಾಡಿಕೊಟ್ಟಿದ್ದಾರೆ. ಜನವರಿಯಲ್ಲಿ ತಾವು ಬರುವ ಹೊತ್ತಿಗೆ ಅವರಿಗೆ ಪಾಠವಿರುವುದಿಲ್ಲ, ಪುರುಸೊತ್ತಿರುತ್ತದೆ. ತಾರಸಿಗೆ ಎರಡು ಕುರ್ಚಿ ಹಾಕಿಸಿದ್ದೇವೆ. ಬಂದು ಜೊತೆಗಿದ್ದರೆ ಉಪಕಾರವಾಗುತ್ತದೆ.

ಇಂತಿ,
ಸುಣ್ಣ ಬಳಿದ ಮೆಟ್ಟಿಲುಗಳ ಮೇಲೆ ಜಾರಿಯೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಹನಿಯಾ
ಕಾರ್ಯದರ್ಶಿ, ಮಾಸಿಕ ಚಟುವಟಿಕೆಗಳು

ತಾ.ಕ.: ತಮ್ಮ ಮೂರು ಮಕ್ಕಳು ರೆಕ್ಕೆ ಬಡಿಯುವ ಅಭ್ಯಾಸ ಶುರುಮಾಡಿದ್ದರೂ ನಾಲ್ಕನೆಯದು ಗೂಡಿನ ನಡುವೆ ಕೂತು, ತಂದುಕೊಟ್ಟದ್ದನ್ನು ತಿಂದು, ಇಡೀ ದಿನ ಕೊಕ್ಕು ಬಡಿಯುವುದನ್ನು ಬಿಟ್ಟರೆ ಬೇರೇನೂ ಮಾಡುತ್ತಿಲ್ಲ. ಹಾರಲು ಒಪ್ಪದಿದ್ದರೆ ಚಿಂತಿಸಬೇಡಿ. ಎಷ್ಟೇ ಕಡಿಮೆ ಅಂಕವಿದ್ದರೂ ಭೂಗೋಳ ವಿಭಾಗದಲ್ಲಿ ಸೀಟು ಕೊಡಿಸುವ ಹೊಣೆ ನನ್ನದು. ಕಾನೂನು ವಿಭಾಗಕ್ಕೆ ಮಾತ್ರ ಸೇರಿಸಬೇಡಿ. ಆ ಕೆಲಸ ಮಾಡುವವರು ಅಲ್ಲಿ ಈಗಾಗಲೇ ತುಂಬಿದ್ದಾರೆ.